ಅಪ್ರಿಸಿಯೊ ಎಂಬ ಹಿಡುವಳಿ

ಫ್ರಾಂಕ್ ದೊರೆಗಳ ಕಾಲದ ದಕ್ಷಿಣ ಗಾಲ್ (ಇಂದಿನ ಫ್ರಾನ್ಸಿನ ದಕ್ಷಿಣ ಭಾಗ) ಕುರಿತ ಬರಹವೊಂದರಲ್ಲಿ, ಪಾಳುನೆಲವನ್ನು ಹಿಡಿದು ಹಸನು ಮಾಡಿ ಪಡೆದ ಹಕ್ಕನ್ನು ಹೇಳುವ ‘ಅಪ್ರಿಸಿಯೊ’ ಎಂಬ ಲ್ಯಾಟಿನ್ ಪದಕ್ಕೆ ‘ಉಂಬಳಿ’ ಎಂಬ ಅರ್ಥವನ್ನು ಕೊಟ್ಟಿದ್ದನ್ನು ಈಚೆಗೆ ಮತ್ತೊಮ್ಮೆ ಕಂಡೆ. ಅದೇ ಬರಹದ ಮುಂದಿನ ಪುಟದಲ್ಲಿ ಅದು ‘ಜಹಗೀರು’ ಆಗಿತ್ತು. ನಾರ್ಬೋನ್ ಪ್ರಾಂತದ ಫಾಂಟೆಸ್ ಎಂಬ ಪಾಳುನೆಲವನ್ನು ಹಸನು ಮಾಡಿದ ಜಾನ್ ಎಂಬ ಸಣ್ಣ ಸರದಾರನು ‘ಜಹಗೀರುದಾರ’ನಾಗಿದ್ದನು. ಮೊದಲ ಸಲ ಕಂಡಾಗ ಅವಸರದ ಅನುವಾದವೆಂದು ಸುಮ್ಮನಿದ್ದೆ. ಆದರೆ ಈ ತಪ್ಪು ರೂಢಿಯಾದರೆ ಆ ಮನುಷ್ಯನೂ ಅವನ ಮಗನೂ ಯಾವ ಹಕ್ಕಿಗಾಗಿ ಹೋರಾಡಿದರೋ ಆ ಹಕ್ಕೇ ಓದುಗರಿಗೆ ಕಾಣದಂತಾಗುತ್ತದೆ.

ಪದದ ಬೇರಿನಿಂದ ತೊಡಗೋಣ. ಲ್ಯಾಟಿನ್ನಿನ ‘ಪ್ರೆಹೆಂಡೆರೆ’ ಎಂದರೆ ಕೈಯಿಂದ ಹಿಡಿಯುವುದು. ಅದಕ್ಕೆ ‘ಅದ್’ ಎಂಬ ಉಪಸರ್ಗ ಸೇರಿ, ಮಧ್ಯಯುಗದ ಬರವಣಿಗೆಯಲ್ಲಿ ಸವೆದು, ‘ಅದ್‌ಪ್ರಿಸಿಯೊ’ ಮತ್ತು ‘ಅಪ್ರಿಸಿಯೊ’ ಎಂಬ ರೂಪಗಳು ಬಂದವು. ಸೆರೆಮನೆಗೆ ಇಂಗ್ಲಿಷಿನಲ್ಲಿ ಹೇಳುವ ‘ಪ್ರಿಸನ್’ ಇದೇ ಬೇರಿನದು. ಕಲಿಯುವುದಕ್ಕೆ ಸ್ಪ್ಯಾನಿಷಿನಲ್ಲಿರುವ ‘ಅಪ್ರೆಂದೆರ್’ ಕೂಡ, ಮನಸ್ಸಿನಿಂದ ಹಿಡಿಯುವುದೆಂಬ ಅರ್ಥದಲ್ಲಿ, ಅಲ್ಲಿಂದಲೇ ಬಂದದ್ದು. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾಗಿ ‘ಹಿಡಿ’ ಎಂಬ ಧಾತುವಿದೆ, ಅದರಿಂದ ಹುಟ್ಟಿದ ‘ಹಿಡುವಳಿ’ಯಿದೆ. ಉಂಬಳಿಯ ಬೇರು ‘ಉಣ್’: ಅದು ಒಡೆಯನು ಉಣ್ಣಲೆಂದು ಬಿಟ್ಟುಕೊಟ್ಟ ನೆಲ. ಒಂದರಲ್ಲಿ ಹಿಡಿಯುವ ಕೈ ಮುಖ್ಯ, ಇನ್ನೊಂದರಲ್ಲಿ ಕೊಡುವ ಕೈ ಮುಖ್ಯ.

‘ಜಹಗೀರಿನಲ್ಲಿಯೂ ಹಿಡಿಯುವ ಅರ್ಥವಿದೆಯಲ್ಲ’ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಪಾರಸಿಯಲ್ಲಿ ‘ಜಾ’ ಎಂದರೆ ಸ್ಥಳ, ‘ಗೀರ್’ ಎಂದರೆ ಹಿಡಿದವನು. ನಮ್ಮ ‘ದಸ್ತಗಿರಿ’ಯಲ್ಲಿ ಇರುವುದೂ ಅದೇ. ಆದರೆ ಪದ ಯಾವ ಬೇರಿನಿಂದ ಬಂತು ಎಂಬುದರ ಜೊತೆಗೆ ಅದು ಯಾವ ಕೆಲಸಕ್ಕೆ ಬಳಕೆಯಾಯಿತು ಎಂಬುದನ್ನೂ ನೋಡಬೇಕಾಗುತ್ತದೆ. ಮೊಗಲರ ಜಹಗೀರುದಾರನು ಬೇರೆಯವರು ಉತ್ತು ಬಿತ್ತುವ ಊರುಗಳ ಕಂದಾಯವನ್ನು ಎತ್ತಿಕೊಳ್ಳುತ್ತಿದ್ದನು, ಒಂದೆಡೆಯಿಂದ ಇನ್ನೊಂದೆಡೆಗೆ ವರ್ಗವಾಗುತ್ತಿದ್ದನು. ಅಪ್ರಿಸಿಯೊ ಹಿಡಿದವನಿಗೆ ಎತ್ತಿಕೊಳ್ಳಲು ಕಂದಾಯವೇ ಇರಲಿಲ್ಲ, ಏಕೆಂದರೆ ಅವನು ಕಾಲಿಟ್ಟ ನೆಲ ಕಾಡುಬಿದ್ದಿತ್ತು.

ಜಾನನ ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅರಬ್ಬರ ಆಳ್ವಿಕೆಯಿದ್ದ ಪಿರನೀಸ್‌ನ ದಕ್ಷಿಣ ಭಾಗದಿಂದ ಫ್ರಾಂಕರ ನೆಲಕ್ಕೆ ಬಂದವರನ್ನು ಅರಮನೆಯ ಶಾಸನಗಳು ‘ಹಿಸ್ಪಾನಿ’ ಎನ್ನುತ್ತವೆ. ಅವರಲ್ಲಿ, ಅರಬ್ಬರಿಗಿಂತ ಮೊದಲು ಸ್ಪೇನನ್ನು ಆಳಿದ ವಿಸಿಗೋಥ್ ಜನಾಂಗದ ಮನೆತನದವರು ಹಲವರು. ಈ ಜಾನನು ಬಾರ್ಸಿಲೋನ ಪ್ರಾಂತದಲ್ಲಿ ಕಾದಾಡಿ ಗೆದ್ದು, ಕೊಳ್ಳೆಯಲ್ಲಿ ಸಿಕ್ಕ ಒಳ್ಳೆಯ ಕುದುರೆ, ಒಳ್ಳೆಯ ಕವಚ, ಬೆಳ್ಳಿಯ ಒರೆಯುಳ್ಳ ‘ಸ್ಪತ ಇಂಡಿಯಾ’ ಎಂಬ ಕತ್ತಿ ಇವುಗಳನ್ನು ಅಕ್ವಿಟೇನಿನ ದೊರೆ ಲೂಯಿಗೆ ಒಪ್ಪಿಸಿದನು. (ಒಳ್ಳೆಯ ಕತ್ತಿಯನ್ನು ಭಾರತದ್ದೆಂದು ಕರೆಯುವುದು ಅರಬ್ಬರಲ್ಲಿ ವಾಡಿಕೆಯಾಗಿತ್ತು; ಅವರ ಕಾವ್ಯದ ‘ಮುಹನ್ನದ್’ ಎಂಬ ಪದ ಅದೇ.) ಅನಂತರ ಲೂಯಿಯ ಪತ್ರವನ್ನು ಹಿಡಿದು ಅವನ ತಂದೆ, ಫ್ರಾಂಕರ ದೊರೆ ಶಾರ್ಲೆಮೇನನ ಬಳಿಗೆ ಹೋಗಿ, ಅವನ ಕೈಯೊಳಗೆ ಕೈಯಿಟ್ಟು ನಿಷ್ಠೆಯನ್ನು ಒಪ್ಪಿಸಿ, ಫಾಂಟೆಸ್ ಎಂಬ ಪಾಳು ಊರನ್ನು ಕೇಳಿದನು. ಇಂದು ಅದು ಫ್ರಾನ್ಸಿನ ಕೋರ್ಬಿಯೇರ್ ಬೆಟ್ಟಸಾಲಿನಲ್ಲಿರುವ ಫೋಂಜೋಂಕೂಜ್.

ಆ ಕೋರಿಕೆಗೆ ಶಾರ್ಲೆಮೇನನು ಕೊಟ್ಟ 795ರ ಶಾಸನವನ್ನು ಮೇಲೆಮೇಲೆ ಓದಿದವರಿಗೆ ಅದು ದಾನಪತ್ರವೆಂದೇ ತೋರುತ್ತದೆ, ಉಂಬಳಿಯೆಂಬ ತಪ್ಪು ಹುಟ್ಟುವುದೂ ಅಲ್ಲಿಯೇ. ಆದರೆ ದೊರೆ ಕೊಡುವುದೇನು ಎಂಬುದನ್ನು ನೋಡಬೇಕು. ಜಾನನೂ ಅವನ ಆಳುಗಳೂ ಈಗಾಗಲೇ ಹಿಡಿದದ್ದು, ಮುಂದೆ ಹಿಡಿಯಲಿರುವುದು, ಪಾಳಿನಿಂದ ಬಿಡಿಸಿಕೊಳ್ಳಲಿರುವುದು, ಇಷ್ಟನ್ನೂ ಯಾವ ತೆರಿಗೆಯಿಲ್ಲದೆ, ಯಾರ ಕಾಟವೂ ಇಲ್ಲದೆ, ಅವರು ನಿಷ್ಠರಾಗಿರುವವರೆಗೆ ಅವನೂ ಅವನ ಸಂತತಿಯೂ ಅನುಭವಿಸಲಿ ಎಂದಿದೆ. ನೆಲದ ಎಲ್ಲೆಯನ್ನು ಗೆರೆಯೆಳೆದು ತೋರಿಸುವುದು ಇಲ್ಲಿ ನೇಗಿಲು ಮತ್ತು ಕೊಡಲಿ. ಶಾಸನವು ಆ ದುಡಿಮೆಗೆ ಕಾವಲು ನಿಲ್ಲುತ್ತದೆ.

ಉಂಬಳಿಗೆ ಒಪ್ಪುವ ಲ್ಯಾಟಿನ್ ಪದ ಬೇರೆಯೇ ಇದೆ, ಅದು ‘ಬೆನೆಫಿಸಿಯಂ’, ಅಂದರೆ ಒಡೆಯನು ಮಾಡಿದ ಉಪಕಾರ. ಅದು ಸೇವೆಗೆ ಕಟ್ಟಿದ ನೆಲ, ಸಾಮಾನ್ಯವಾಗಿ ಪಡೆದವನ ಜೀವಮಾನಕ್ಕೆ ಮುಗಿಯುವಂಥದು. ಈ ಎರಡು ಪದಗಳ ನಡುವಣ ಅಂತರವೇ ಜಾನನ ಮನೆಗೆ ವ್ಯಾಜ್ಯವಾಯಿತು. ಅದೆಮಾರ್ ಎಂಬ ಕೌಂಟನು (ದೊರೆಯ ಪರವಾಗಿ ಪ್ರಾಂತವನ್ನು ನೋಡಿಕೊಳ್ಳುವ ಅಧಿಕಾರಿ) ಆ ಊರು ಬೆನೆಫಿಸಿಯಂ ಆಗಿ ತನಗೆ ಸೇರಬೇಕೆಂದು ದಾವೆ ಹೂಡಿದನು. ಜಾನನು ಸಾಕ್ಷಿಗಳ ಬಲದಿಂದ ಅದನ್ನು ಉಳಿಸಿಕೊಂಡನು. ಮಗ ತೆಯೊದೆಫ್ರೆದನ ಕಾಲದಲ್ಲಿ ತಂದೆಯ ಅಪ್ರಿಸಿಯೊವನ್ನು ಕಣ್ಣಾರೆ ಕಂಡವರು ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು. ಅಪ್ರಿಸಿಯೊವನ್ನು ಉಂಬಳಿಯೆಂದು ಬರೆಯುವವರು ತಿಳಿಯದೆಯೇ ಅದೆಮಾರನ ವಾದವನ್ನು ಎತ್ತಿಹಿಡಿಯುತ್ತಿದ್ದಾರೆ.

ಇನ್ನು ಕೆಲವರು ‘ಬಗರ್ ಹುಕುಂ’ ಎಂದು ಸೂಚಿಸಿದ್ದಾರೆ. ಉಳುಮೆ ಮೊದಲು, ಕಾಗದ ಆಮೇಲೆ ಎಂಬಷ್ಟರ ಮಟ್ಟಿಗೆ ಹೋಲಿಕೆಯಿದೆ. ಆದರೆ 812ರಲ್ಲಿ ಶಾರ್ಲೆಮೇನನು ಎಂಟು ಮಂದಿ ಕೌಂಟರಿಗೆ ಬರೆಸಿದ ಆಜ್ಞೆಯು, ಹಿಸ್ಪಾನಿಗಳು ತನ್ನ ಅನುಮತಿಯಿಂದಲೇ ಪಾಳುನೆಲವನ್ನು ಹಿಡಿದವರೆಂದೂ ಮೂವತ್ತು ವರ್ಷಗಳಿಂದ ಅಪ್ರಿಸಿಯೊ ಮೂಲಕ ಅದನ್ನು ಹೊಂದಿದ್ದಾರೆಂದೂ ಹೇಳುತ್ತದೆ. ಇಲ್ಲಿ ಹುಕುಂ ಇತ್ತು. ಮೂವತ್ತು ವರ್ಷ ಎಂಬುದಕ್ಕೂ ತೂಕವಿದೆ: ವಿಸಿಗೋಥರ ಕಾನೂನು ಸಂಹಿತೆಯಲ್ಲಿ ಆಸ್ತಿಯ ಮೇಲಿನ ದಾವೆಗಳಿಗೆ ಅಷ್ಟು ವರ್ಷಗಳ ಗಡುವಿತ್ತು. 759ರಲ್ಲಿ ನಾರ್ಬೋನ್ ಫ್ರಾಂಕರ ಕೈಸೇರುವಾಗ ಅಲ್ಲಿನ ವಿಸಿಗೋಥರು ತಮ್ಮ ಕಾನೂನನ್ನು ಉಳಿಸಿಕೊಳ್ಳುವ ಮಾತನ್ನು ಪಡೆದೇ ಬಾಗಿಲು ತೆರೆದಿದ್ದರು.

ಹಾಗೆಂದು ಅಪ್ರಿಸಿಯೊ ಹೊಣೆಯಿಲ್ಲದ ಒಡೆತನವೂ ಅಲ್ಲ. ಲೂಯಿಯ 815ರ ಶಾಸನವು ಈ ಜನರು ಕೌಂಟನೊಡನೆ ದಂಡಿಗೆ ಹೋಗಬೇಕು, ಗಡಿಯಲ್ಲಿ ಬೇಹು ಮತ್ತು ಪಹರೆ ನಡೆಸಬೇಕು, ದೊರೆಯ ದೂತರಿಗೆ ಕುದುರೆಗಳನ್ನು ಒದಗಿಸಬೇಕು ಎನ್ನುತ್ತದೆ. ಮರುವರ್ಷದ ಶಾಸನದಲ್ಲಿ ನನ್ನನ್ನು ಹೆಚ್ಚು ಕಲಕುವ ಸಂಗತಿಯಿದೆ: ಅರಮನೆಗೆ ಹೋಗಿ ಶಾಸನ ಬರೆಸಿಕೊಂಡ ದೊಡ್ಡ ಹಿಸ್ಪಾನಿಗಳು, ಜೊತೆಯಲ್ಲಿ ಬಂದು ಕಾಡು ಕಡಿದ ಚಿಕ್ಕವರನ್ನು ಅದೇ ಕಾಗದ ತೋರಿಸಿ ಹೊರದೂಡಲು ನೋಡಿದರು. ಆ ಚಿಕ್ಕವರೂ ತಾವು ಹಸನು ಮಾಡಿದ ನೆಲವನ್ನು ಉಳಿಸಿಕೊಳ್ಳಲಿ ಎಂದು ಲೂಯಿ ಆಜ್ಞಾಪಿಸಿ, ಆ ಆಜ್ಞೆಯ ಪ್ರತಿಗಳನ್ನು ನಾರ್ಬೋನ್, ಬಾರ್ಸಿಲೋನ, ಜಿರೋನ ಮೊದಲಾದ ಏಳು ಊರುಗಳಲ್ಲಿ ಇಡಿಸಿದನು.