ಲಾಂಗ್ ಕೋವಿಡ್ ಸಂಶೋಧನೆ: ಯಾರನ್ನು ಯಾರ ಜೊತೆ ಹೋಲಿಸಿದರು?

ಕೋವಿಡ್ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆಗೆ ಲಾಂಗ್ ಕೋವಿಡ್ ಎನ್ನುತ್ತಾರೆ. ಅದರ ಬಗ್ಗೆ ಓದಲು ಕೂತರೆ ಮೊದಲು ತಲೆ ಕೆಡಿಸುವುದು ಅಂಕಿಗಳು. ಒಂದು ವರದಿಗೂ ಇನ್ನೊಂದಕ್ಕೂ ತಾಳೆಯೇ ಆಗುವುದಿಲ್ಲ. ಹಾಗಂತ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಯಾರನ್ನು ಯಾರ ಜೊತೆ ಹೋಲಿಸಿದರು ಎನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಈ ಟಿಪ್ಪಣಿಯಲ್ಲಿ ಕೆಲವು ಅಧ್ಯಯನಗಳನ್ನು ಇದೊಂದೇ ಪ್ರಶ್ನೆ ಹಿಡಿದುಕೊಂಡು ನೋಡೋಣ.

ಮೊದಲು ಕಾಯಿಲೆಯ ವಿವರಣೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವಿವರಣೆ ಕೊಟ್ಟಿತು. ಸೋಂಕು ಶುರುವಾಗಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಲಕ್ಷಣಗಳು ಇರಬೇಕು, ಅವು ಕನಿಷ್ಠ 2 ತಿಂಗಳಾದರೂ ಉಳಿದಿರಬೇಕು, ಬೇರೆ ಕಾಯಿಲೆಯಿಂದ ಬಂದವು ಎನ್ನುವಂತೆ ಇರಬಾರದು. ಸುಸ್ತು, ಉಸಿರಾಟದ ತೊಂದರೆ, ತಲೆ ಮಂಕಾಗುವುದು ಇವು ಮುಖ್ಯ ಲಕ್ಷಣಗಳು. ರಕ್ತ ಪರೀಕ್ಷೆ ಮಾಡಿ 'ಹೌದು, ಇದೇ' ಎಂದು ಹೇಳುವ ವಿಧಾನ ಇನ್ನೂ ಬಂದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ. ಸುಸ್ತು ಯಾರಿಗೆ ಬರುವುದಿಲ್ಲ ಹೇಳಿ? ಕೋವಿಡ್ ಬಾರದವರಿಗೂ ಬರುತ್ತದೆ, ಅಲ್ವಾ?

ಈ ಗೊಂದಲವನ್ನು ಚೆನ್ನಾಗಿ ಬಿಡಿಸಿದ್ದು ಉತ್ತರ ನೆದರ್ಲೆಂಡ್ಸಿನ ಲೈಫ್‌ಲೈನ್ಸ್ ಅಧ್ಯಯನ. 2022ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 76,422 ಜನ ತಮ್ಮ ಆರೋಗ್ಯದ ಬಗ್ಗೆ ಮತ್ತೆ ಮತ್ತೆ ಪ್ರಶ್ನಾವಳಿ ತುಂಬುತ್ತಿದ್ದರು. ಅವರಲ್ಲಿ 4,231 ಜನರಿಗೆ ಕೋವಿಡ್ ಬಂತು. ಸೋಂಕಿಗೆ ಮುಂಚೆ ಅವರ ಮೈ ಹೇಗಿತ್ತು ಎಂಬುದು ಅಷ್ಟರಲ್ಲೇ ದಾಖಲಾಗಿತ್ತು. ಇದು ತುಂಬಾ ಬೆಲೆಬಾಳುವ ಮಾಹಿತಿ. ಕಾಯಿಲೆ ಬಂದ ಮೇಲೆ 'ಮೊದಲು ಹೇಗಿದ್ದಿರಿ?' ಎಂದು ಕೇಳಿದರೆ ನೆನಪು ಕೈಕೊಡುತ್ತದೆ.

ಸೋಂಕಾದ 3ರಿಂದ 5 ತಿಂಗಳ ನಡುವೆ ನೋಡಿದಾಗ, ಕೋವಿಡ್ ಬಂದವರಲ್ಲಿ 21.4% ಜನರಿಗೆ ಎದೆನೋವು, ಸ್ನಾಯು ನೋವು, ವಾಸನೆ ತಿಳಿಯದಿರುವುದು, ಕೈಕಾಲು ಭಾರ, ಸುಸ್ತು ಇಂಥ ಮುಖ್ಯ ಲಕ್ಷಣಗಳಲ್ಲಿ ಒಂದಾದರೂ ಮೊದಲಿಗಿಂತ ಜಾಸ್ತಿಯಾಗಿತ್ತು. ಆದರೆ ಅದೇ ವಯಸ್ಸಿನ, ಅದೇ ಲಿಂಗದ, ಕೋವಿಡ್ ಬಾರದವರಲ್ಲೂ 8.7% ಜನರಿಗೆ ಹಾಗೇ ಆಗಿತ್ತು. ಒಂದರಿಂದ ಇನ್ನೊಂದನ್ನು ಕಳೆದರೆ 12.7% ಉಳಿಯುತ್ತದೆ. ಅಂದರೆ ಸುಮಾರು ಎಂಟರಲ್ಲಿ ಒಬ್ಬರಿಗೆ ಕೋವಿಡ್‌ನಿಂದಲೇ ಆದ ತೊಂದರೆ. ಹೋಲಿಕೆಯ ಗುಂಪು ಇರದಿದ್ದರೆ ಐದರಲ್ಲಿ ಒಬ್ಬರು ಎಂದು ಬರೆದುಬಿಡುತ್ತಿದ್ದರು. ಹಾಗೆ ಕಳೆದ ಮೇಲೂ ಇಷ್ಟು ದೊಡ್ಡ ಸಂಖ್ಯೆ ಉಳಿಯಿತಲ್ಲ, ಅದನ್ನೂ ಗಮನಿಸಿ. 'ಎಲ್ಲ ಮನಸ್ಸಿನ ಭ್ರಮೆ' ಎನ್ನುವವರಿಗೆ ಇದೇ ಉತ್ತರ. ಒಂದು ಎಚ್ಚರಿಕೆ: ಮಾಹಿತಿ 2021ರ ಆಗಸ್ಟಿಗೆ ಮುಗಿಯುತ್ತದೆ. ಓಮಿಕ್ರಾನ್ ಆಗಿನ್ನೂ ಬಂದಿರಲಿಲ್ಲ.

ಮುಂದಿನದು ಹೃದಯ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆ ದಾಖಲೆಗಳನ್ನು ಜಿಯಾದ್ ಅಲ್-ಅಲಿ ಅವರ ತಂಡ 2022ರಲ್ಲಿ ಪರಿಶೀಲಿಸಿತು. ಕೋವಿಡ್ ಬಂದ 1,53,760 ಜನರ ದಾಖಲೆ ಅದು. ಸೋಂಕಾದ ವರ್ಷದೊಳಗೆ ಹೃದಯ ವೈಫಲ್ಯದ ಅಪಾಯ ಕೋವಿಡ್ ಬಾರದವರಿಗಿಂತ 72% ಜಾಸ್ತಿ ಎಂದು ಬಂತು. ಕೇಳಿದರೆ ಗಾಬರಿಯಾಗುತ್ತದೆ. ಅದೇ ಫಲಿತಾಂಶವನ್ನು ಇನ್ನೊಂದು ರೀತಿ ಹೇಳಿದರೆ, ಸಾವಿರ ಜನರಲ್ಲಿ ಸುಮಾರು 12 ಹೆಚ್ಚುವರಿ ರೋಗಿಗಳು. ಎರಡೂ ನಿಜ. ಶೇಕಡಾವಾರು ಮಾತ್ರ ಹೇಳಿದರೆ ಅರ್ಧ ಉತ್ತರ. ಈ ಸೈನಿಕರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು ಎಂಬುದನ್ನೂ ಸೇರಿಸಿ.

ಮಿದುಳಿನ ಬಗ್ಗೆ ಎಲ್ಲರೂ ಹೆಸರಿಸುವುದು ಬ್ರಿಟನ್ನಿನ ಜನರ ಆರೋಗ್ಯ ಮಾಹಿತಿಯ ದೊಡ್ಡ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ಅಧ್ಯಯನವನ್ನು. 785 ಜನರ ಮಿದುಳನ್ನು ಎರಡು ಸಲ ಸ್ಕ್ಯಾನ್ ಮಾಡಿದ್ದರು. ಎರಡರ ನಡುವೆ 401 ಜನರಿಗೆ ಕೋವಿಡ್ ಬಂತು. ವಾಸನೆಗೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಅವರಿಗೆ 0.2ರಿಂದ 2 ಶೇಕಡಾದಷ್ಟು ಹೆಚ್ಚುವರಿ ಬದಲಾವಣೆ ಕಂಡಿತು. ಆದರೆ ಇವರನ್ನು ಲಾಂಗ್ ಕೋವಿಡ್ ಇದೆಯೆಂದು ಆರಿಸಿದ್ದಲ್ಲ. ಹಾಗಾಗಿ ಇದು ಕೋವಿಡ್ ಸೋಂಕಿನ ಬಗ್ಗೆ ಹೇಳುತ್ತದೆಯೇ ಹೊರತು ಲಾಂಗ್ ಕೋವಿಡ್ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಚಿಕ್ಕದೊಂದು ಅಧ್ಯಯನ. ಲಾಂಗ್ ಕೋವಿಡ್ ಇರುವ ಹಲವರಿಗೆ ಸ್ವಲ್ಪ ದಣಿದರೂ ಸಾಕು, ಮರುದಿನ ಅಥವಾ ಅದರ ಮರುದಿನ ಎಲ್ಲ ಲಕ್ಷಣಗಳೂ ಜೋರಾಗುತ್ತವೆ. ಎಷ್ಟು ವಿಶ್ರಾಂತಿ ತೆಗೆದುಕೊಂಡರೂ ಬೇಗ ಚೇತರಿಕೆ ಇಲ್ಲ. 'ವ್ಯಾಯಾಮ ಮಾಡದೆ ಮೈ ಜಡವಾಗಿದೆ, ಎದ್ದು ಓಡಾಡಿ' ಎಂದು ಇವರಿಗೆ ಎಷ್ಟೋ ಕಡೆ ಹೇಳಿ ಕಳಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮಿನ ತಂಡ ಇಂಥ 25 ರೋಗಿಗಳನ್ನೂ, ಕೋವಿಡ್ ಬಂದು ಪೂರ್ತಿ ಗುಣವಾದ 21 ಜನರನ್ನೂ ಸೈಕಲ್ ತುಳಿಸಿತು. ತುಳಿಯುವುದಕ್ಕೆ ಒಂದು ವಾರ ಮುಂಚೆ ಒಮ್ಮೆ, ತುಳಿದ ಮರುದಿನ ಇನ್ನೊಮ್ಮೆ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿತು. ಫಲಿತಾಂಶ ಬಂದಿದ್ದು 2024ರ ಜನವರಿಯಲ್ಲಿ.

ರೋಗಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ದಣಿದ ಮೇಲೆ ಅದು ಇನ್ನೂ ಕೆಟ್ಟಿತು, ಸ್ನಾಯುವಿಗೆ ಪೆಟ್ಟಾದ ಗುರುತೂ ಕಂಡಿತು. ವೈರಸ್ಸಿನ ಪ್ರೋಟೀನ್ ಕುರುಹು ಮಾತ್ರ ಎರಡೂ ಗುಂಪಿನಲ್ಲಿ ಇತ್ತು. ಗುಣವಾದವರನ್ನು ನೋಡದಿದ್ದರೆ 'ಸ್ನಾಯುವಿನಲ್ಲಿ ಉಳಿದ ವೈರಸ್ಸೇ ಕಾರಣ' ಎಂದು ಸುಲಭವಾಗಿ ತೀರ್ಮಾನ ಮಾಡಬಹುದಿತ್ತು. 46 ಜನ ಕಡಿಮೆಯೇ, ನಿಜ. ಆದರೂ ಒಬ್ಬ ರೋಗಿ 'ನಿನ್ನೆ ಮೆಟ್ಟಿಲು ಹತ್ತಿದೆ, ಇವತ್ತು ಏಳಲಾಗುತ್ತಿಲ್ಲ' ಎಂದರೆ ಅವರ ಮಾತನ್ನು ನಂಬಲು ಇದು ಗಟ್ಟಿ ಆಧಾರ. ಒತ್ತಾಯದ ವ್ಯಾಯಾಮ ಇವರಿಗೆ ಹಾನಿ ಮಾಡಬಹುದು.

ಕೊನೆಗೆ ಔಷಧಿ. ಮೈಯಲ್ಲಿ ವೈರಸ್ ಉಳಿದಿದ್ದರೆ ವೈರಸ್ ತಡೆಯುವ ಮಾತ್ರೆ ಕೊಡೋಣ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 155 ಜನರ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ 15 ದಿನ ಪ್ಯಾಕ್ಸ್‌ಲೊವಿಡ್, ಉಳಿದವರಿಗೆ ಪ್ಲಸೀಬೊ, ಅಂದರೆ ಹೋಲಿಕೆಗೆ ಕೊಡುವ ಹುಸಿ ಮಾತ್ರೆ. ಲಕ್ಷಣಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಮೆಟ್‌ಫಾರ್ಮಿನ್ ಕಥೆ ಬೇರೆ. ಸಕ್ಕರೆ ಕಾಯಿಲೆಗೆ ಕೊಡುವ ಹಳೆಯ, ಅಗ್ಗದ ಮಾತ್ರೆ ಇದು. 2023ರ ಅಮೆರಿಕದ ಪ್ರಯೋಗದಲ್ಲಿ ಇದನ್ನು ತೆಗೆದುಕೊಂಡವರಲ್ಲಿ 6.3% ಜನರಿಗೆ ಲಾಂಗ್ ಕೋವಿಡ್ ಬಂತು, ಪ್ಲಸೀಬೊ ಗುಂಪಿನಲ್ಲಿ 10.4% ಜನರಿಗೆ. ಇಲ್ಲೂ ಅದೇ ಪ್ರಶ್ನೆ ಕೇಳಿ. ಭಾಗವಹಿಸಿದವರೆಲ್ಲ 30 ದಾಟಿದವರು, ತೂಕ ಜಾಸ್ತಿ ಇದ್ದವರು. ಮಾತ್ರೆ ಶುರು ಮಾಡಿದ್ದು ಸೋಂಕು ಗೊತ್ತಾದ ಮೊದಲ ದಿನಗಳಲ್ಲೇ. ಆದ್ದರಿಂದ ಇದು ಲಾಂಗ್ ಕೋವಿಡ್ ಬಾರದಂತೆ ತಡೆಯುವ ಪ್ರಯೋಗ. ಈಗಾಗಲೇ ನರಳುತ್ತಿರುವವರಿಗೆ ಮೆಟ್‌ಫಾರ್ಮಿನ್ ಚಿಕಿತ್ಸೆ ಎಂದು ಇದರಿಂದ ಹೇಳಲು ಬರುವುದಿಲ್ಲ.