ಓದುಗರ ಪ್ರಶ್ನೆ: ಕಣ್ಣು ಮುಚ್ಚಿದರೆ ಮನಸ್ಸು ಇನ್ನಷ್ಟು ಓಡುತ್ತದೆ, ಯಾವ ಧ್ಯಾನ ಮಾಡಲಿ?

ಪ್ರಶ್ನೆ: ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಸುವ ತೊಂದರೆ ಇದೆ. ಧ್ಯಾನಕ್ಕೆ ಕುಳಿತರೆ ಎರಡೇ ನಿಮಿಷದಲ್ಲಿ ಮನಸ್ಸು ಕಾಸರಗೋಡು ಪೇಟೆ ಸುತ್ತಿ ಬರುತ್ತದೆ. ಯಾವ ಬಗೆ ನನಗೆ ಆಗಬಹುದು? – ಓದುಗರೊಬ್ಬರು, ಬದಿಯಡ್ಕ

ಉತ್ತರ: ಸುತ್ತಿ ಬಂತಲ್ಲ, ಆ ‘ಬಂತು’ ಎಂಬುದೇ ಕಸರತ್ತು. ಕೈಯಲ್ಲಿ ಕೆಲಸವಿಲ್ಲದಾಗ ಮಿದುಳಿನಲ್ಲಿ ಡಿಫಾಲ್ಟ್ ಮೋಡ್ ಎಂಬ ಜಾಲ ಚುರುಕಾಗುತ್ತದೆ. ಹಗಲುಗನಸು, ನಿನ್ನೆ ನಾಳೆಯ ಲೆಕ್ಕಾಚಾರ ಎಲ್ಲ ಅಲ್ಲಿಯದು. ಕೆಲಸಕ್ಕೆ ಇಳಿದಾಗ ಅದು ತಗ್ಗಬೇಕು. ಎಡಿಎಚ್‌ಡಿಯಲ್ಲಿ ಸಾಕಷ್ಟು ತಗ್ಗುವುದಿಲ್ಲ ಎಂಬುದು ಈಗ ಚಾಲ್ತಿಯಲ್ಲಿರುವ ವಿವರಣೆಗಳಲ್ಲಿ ಒಂದು.

ಉಸಿರಿನ ಮೇಲೆ ಗಮನ ಇಡುವ ಧ್ಯಾನದಲ್ಲಿ ಮನಸ್ಸು ಜಾರಿದ್ದು ಗೊತ್ತಾಗಬೇಕು, ಬಿಡಿಸಿಕೊಳ್ಳಬೇಕು, ಹಿಂದೆ ತರಬೇಕು. ಎಡಿಎಚ್‌ಡಿ ಇರುವವರಿಗೆ ಕಷ್ಟವಾಗುವುದೂ ಇದೇ. ಜಪ ದೇಹವನ್ನು ತಣಿಸುತ್ತದೆ ನಿಜ, ಆದರೆ ಅಡಿಕೆ ಸುಲಿಯುವವರ ಕೈ ತನ್ನಷ್ಟಕ್ಕೆ ನಡೆದು ಬಾಯಿ ಊರ ಸುದ್ದಿ ಹೇಳುವ ಹಾಗೆ, ನಾಲಗೆ ಒಂದು ಕಡೆ ಮನಸ್ಸು ಇನ್ನೊಂದು ಕಡೆ ಆಗಿಬಿಡುತ್ತದೆ. ಬಂದದ್ದನ್ನೆಲ್ಲ ಸುಮ್ಮನೆ ನೋಡುತ್ತಿರುವ ಬಗೆಯನ್ನು ಸದ್ಯಕ್ಕೆ ಬಿಡಿ. ಹಿಡಿದುಕೊಳ್ಳಲು ಗೂಟವೇ ಇಲ್ಲದ್ದರಿಂದ ಹೊಸಬರಿಗೆ ಹಗಲುಗನಸಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಉಸಿರಿನ ಗಮನ, ಎಲ್ಲರಿಗೂ ಒಳಿತು ಹಾರೈಸುವುದು, ಬಂದದ್ದನ್ನು ಸುಮ್ಮನೆ ನೋಡುವುದು ಎಂಬ ಮೂರು ಬಗೆಯ ಧ್ಯಾನದಲ್ಲೂ ಡಿಫಾಲ್ಟ್ ಮೋಡ್ ಜಾಲದ ಮುಖ್ಯ ಭಾಗಗಳು ತಗ್ಗಿದ್ದು ಕಂಡಿತು, ಆದರೆ ಅವರು ಪಳಗಿದ ಧ್ಯಾನಿಗಳು.

ನೀವು ನಡಿಗೆಯಿಂದ ಶುರುಮಾಡಿ, ಕಣ್ಣು ತೆರೆದೇ. ಅಂಗಳದಲ್ಲಿ ಹಾಸಿದ ಅಡಿಕೆಯ ಅಂಚಿಗೆ ಬರಿಗಾಲಲ್ಲಿ ಹತ್ತು ಹೆಜ್ಜೆ ಆಚೆ, ಹತ್ತು ಈಚೆ. ಹಿಮ್ಮಡಿ ತಾಗಿತು, ಅಂಗಾಲು ಊರಿತು, ಬೆರಳು ಎದ್ದಿತು: ಇಷ್ಟೇ ಗಮನಿಸಿ. ಬಿಸಿಲು ಏರಿದ ಮೇಲೆ ಬೇಡ, ಅಂಗಾಲು ಸುಟ್ಟರೆ ಗಮನವೆಲ್ಲ ಅಲ್ಲೇ. ಮಳೆಗಾಲದಲ್ಲಿ ಜಗಲಿ ಸಾಕು. ದಿನಕ್ಕೆ ಐದು ನಿಮಿಷ. ಮೊಬೈಲಿನಲ್ಲಿ ಟೈಮರ್ ಇಟ್ಟು ಅದನ್ನು ಒಳಕೋಣೆಯಲ್ಲೇ ಬಿಡಿ. ಎರಡು ವಾರದ ನಂತರ ಕುಳಿತು ಹೊರಹೋಗುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ. ಹದಿನಾಲ್ಕಕ್ಕೆ ತಲುಪಿದ್ದು ಗೊತ್ತಾದರೆ ಬೇಸರ ಬೇಡ, ಒಂದಕ್ಕೆ ಬನ್ನಿ. ಉಸಿರನ್ನು ಎಳೆದು ಬಿಡಬೇಡಿ, ತಲೆ ತಿರುಗುತ್ತದೆ. ಊಟವಾದ ಕೂಡಲೇ ಕುಳಿತರೆ ನಿದ್ದೆಯೇ ಗೆಲ್ಲುತ್ತದೆ. ಮೊದಲ ದಿನವೇ ಇಪ್ಪತ್ತು ನಿಮಿಷ ಕೂರಲು ಹೋದವರು ಹೆಚ್ಚಾಗಿ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

2008ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಡಿಎಚ್‌ಡಿ ಇರುವ ವಯಸ್ಕರಿಗೂ ಹದಿಹರೆಯದವರಿಗೂ ನಡೆಸಿದ ಎಂಟು ವಾರದ ಧ್ಯಾನ ತರಬೇತಿಯೂ ಐದು ನಿಮಿಷದಿಂದಲೇ ಹೊರಟು ಹದಿನೈದಕ್ಕೆ ಏರಿತ್ತು. ಹಲವರು ತಮ್ಮ ಲಕ್ಷಣಗಳು ಕಡಿಮೆಯಾದವು ಎಂದರು. ಆದರೆ ಅದು ಚಿಕ್ಕ ಪ್ರಯೋಗ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಎಡಿಎಚ್‌ಡಿಗೆಂದು ವೈದ್ಯರು ಕೊಟ್ಟ ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ನಂಬಿ ನಿಲ್ಲಿಸಬೇಡಿ. ಕುಳಿತಾಗ ಎದೆ ಡವಗುಟ್ಟಿದರೆ, ಹಳೆಯ ಭಯ ನುಗ್ಗಿ ಬಂದರೆ ಆ ದಿನಕ್ಕೆ ಎದ್ದುಬಿಡಿ. ಮರುಕಳಿಸಿದರೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೇ ತಿಳಿಸಿ.