ಐದು ವ್ಯಾಟ್ ಅಂದರೆ ಎಷ್ಟು ಸದ್ದು?

ಕಳೆದ ಶ್ರಾವಣದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಜೀಪಿನ ಹಿಂದೆ ಎಲೆಕ್ಟ್ರಿಕ್ ಗಿಟಾರಿನ ಆಂಪ್ (ಆಂಪ್ಲಿಫೈಯರ್) ಹೇರಿಕೊಂಡು, ಆಂಪ್ ಕಟ್ಟುವ, ರಿಪೇರಿ ಮಾಡುವ ನನ್ನ ಅಂಗಡಿಗೆ ಬಂದ. 50 ವ್ಯಾಟಿನ ಟ್ಯೂಬ್ ಹೆಡ್, ಅಂದರೆ ಹಳೇ ರೇಡಿಯೋದಲ್ಲಿದ್ದಂಥ ವಾಲ್ವ್ ಹಾಕಿದ, ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ. ಜೊತೆಗೆ 12 ಇಂಚಿನ ನಾಲ್ಕು ಸ್ಪೀಕರ್ ಕೂರಿಸಿದ ಕ್ಯಾಬಿನೆಟ್. ಮಳೆಯಲ್ಲೇ ಇಬ್ಬರೂ ಸೇರಿ ಇಳಿಸಿದೆವು.

"ಸರ್, ಇದರಲ್ಲಿ ಏನೋ ತೊಂದರೆ ಇದೆ. ಸೌಂಡ್ ಬರುತ್ತೆ, ಜೀವ ಇಲ್ಲ" ಎಂದ.

ಟ್ಯೂಬ್ ಪರೀಕ್ಷೆ ಮಾಡಿದೆ. ಬಯಾಸ್ ಅಳೆದೆ. ಫಿಲ್ಟರ್ ಕೆಪಾಸಿಟರ್ ನೋಡಿದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಕೇಳಿದೆ: "ಮನೆಯಲ್ಲಿ ವಾಲ್ಯೂಮ್ ಎಷ್ಟರಲ್ಲಿ ಇಡುತ್ತೀಯ?"

"ಒಂದೂವರೆ. ಎರಡು ದಾಟಿದರೆ ಅಜ್ಜ ಜಗಲಿಯಿಂದ ಎದ್ದು ಬರುತ್ತಾರೆ."

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪ ಕೊಡಿಸಿದ ಆಂಪ್ ಅದು. ಎರಡು ವರ್ಷ ಒಂದೂವರೆಯಲ್ಲೇ ನುಡಿಸಿದ್ದಾನೆ. ಆ ಆಂಪಿನಲ್ಲಿ ಸ್ಪೀಕರ್ ಓಡಿಸುವ ಪವರ್ ಟ್ಯೂಬ್‌ಗಳಿಗೆ ಒಂದು ದಿನವೂ ಮೈ ಬಿಸಿಯಾಗುವಷ್ಟು ಕೆಲಸ ಸಿಕ್ಕಿಲ್ಲ.

ನನ್ನ ಬೆಂಚಿನ ಮೇಲೆ ಒಂದು ಪುಟ್ಟ ಆಂಪ್ ಸದಾ ಇರುತ್ತದೆ. ಫೆಂಡರ್ ಕಂಪನಿ 1950ರ ದಶಕದಲ್ಲಿ ಮಾಡುತ್ತಿದ್ದ ಚಾಂಪ್‌ನ ಸರ್ಕ್ಯೂಟ್ ಹಿಡಿದು ನಾನೇ ಕಟ್ಟಿದ್ದು. ಒಳಗೆ ಮೂರೇ ಟ್ಯೂಬ್: ಗಿಟಾರಿನ ಸಿಗ್ನಲ್ ಹಿಗ್ಗಿಸುವ ಒಂದು 12ಎಎಕ್ಸ್7, ಪವರ್ ಟ್ಯೂಬ್ ಆಗಿ ಒಂದು 6ವಿ6, ಎಸಿಯನ್ನು ಡಿಸಿ ಮಾಡುವ ಒಂದು 5ವೈ3 ರೆಕ್ಟಿಫೈಯರ್. ಜೊತೆಗೆ 8 ಇಂಚಿನ ಒಂದು ಸ್ಪೀಕರ್. ಐದು ವ್ಯಾಟ್. ಅವನ ಗಿಟಾರನ್ನು ಅದಕ್ಕೆ ಚುಚ್ಚಿ ವಾಲ್ಯೂಮ್ ಏಳಕ್ಕೆ ತಿರುಗಿಸಿದೆ. ಒಂದು ಕಾರ್ಡ್ ಹೊಡೆದ. ಪಕ್ಕದ ಟೈಲರ್ ಅಂಗಡಿಯವರು ಹೊಲಿಗೆ ಬಿಟ್ಟು ಹೊರಗೆ ಬಂದು ನೋಡಿದರು. ಹುಡುಗ ಮೂರು ಸಲ ಕೇಳಿದ, "ಇದು ಐದೇ ವ್ಯಾಟಾ?"

ಈ ಪ್ರಶ್ನೆಗೇ ಈ ಬರಹ. ಶಿವಮೊಗ್ಗ, ಸಾಗರ, ಕೊಪ್ಪ, ಎಲ್ಲಿಂದ ಬಂದವರೂ ಇಲ್ಲೇ ಎಡವುತ್ತಾರೆ. ಮೂರು ತಿಂಗಳ ಸಂಬಳ ಕೂಡಿಸಿ ಕೈಯಲ್ಲಿ ಕಟ್ಟಿದ ಬೂಟಿಕ್ ಆಂಪ್ ತರಿಸುವ ಮಕ್ಕಳು, ಮರ ನೋಡುತ್ತಾರೆ, ಬಟ್ಟೆಯ ಬಣ್ಣ ನೋಡುತ್ತಾರೆ, ಯೂಟ್ಯೂಬಿನಲ್ಲಿ ನೂರು ವಿಡಿಯೋ ನೋಡುತ್ತಾರೆ. ವ್ಯಾಟ್ ವಿಷಯಕ್ಕೆ ಬಂದಾಗ ಮಾತ್ರ ಬಲ್ಬ್ ಲೆಕ್ಕ ಹಾಕುತ್ತಾರೆ. "ಮನೆ ಬಲ್ಬೇ ಒಂಬತ್ತು ವ್ಯಾಟ್ ಇದೆಯಲ್ಲ ಸರ್, ಐದು ವ್ಯಾಟಿನಲ್ಲಿ ಏನು ಕೇಳುತ್ತೆ?" ಅವರನ್ನು ಬೈದು ಪ್ರಯೋಜನ ಇಲ್ಲ. ಹೋಮ್ ಥಿಯೇಟರ್ ಡಬ್ಬಿಯ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದನ್ನು ನೋಡಿ ಬೆಳೆದವರು. ಗಣಪತಿ ಹಬ್ಬಕ್ಕೆ ಮೈಕ್ ಸೆಟ್ ಹಾಕುವವರೂ ವ್ಯಾಟ್ ಲೆಕ್ಕದಲ್ಲೇ ಮಾತಾಡುತ್ತಾರೆ.

ನಾನು ಚಂಡೆಯ ಲೆಕ್ಕ ಹೇಳುತ್ತೇನೆ. ನಮ್ಮ ಕಡೆಯವರಿಗೆ ಅದು ಬೇಗ ತಲೆಗೆ ಹೋಗುತ್ತದೆ. ಬಯಲಾಟದಲ್ಲಿ ಒಂದು ಚಂಡೆ ಬಾರಿಸುತ್ತಿದ್ದಾರೆ ಅಂದುಕೊಳ್ಳಿ. ಅಷ್ಟೇ ಜೋರಾಗಿ ಬಾರಿಸುವ ಇನ್ನೊಬ್ಬರು ಪಕ್ಕಕ್ಕೆ ಬಂದು ನಿಂತರು. ಸದ್ದು ಎರಡರಷ್ಟು ಆಯಿತಾ? ಇಲ್ಲ. ಸ್ವಲ್ಪ ತುಂಬಿಕೊಂಡಂತೆ ಕೇಳುತ್ತದೆ, ಅಷ್ಟೇ. ಅಳತೆಯಲ್ಲಿ ಹೇಳಿದರೆ 3 ಡೆಸಿಬೆಲ್ ಜಾಸ್ತಿ. ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟು ಆಯಿತು ಅನ್ನಿಸಲು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಚಂಡೆ ಬೇಕು. ವ್ಯಾಟಿಗೂ ಇದೇ ಲೆಕ್ಕ. ವ್ಯಾಟ್ ಎರಡು ಪಟ್ಟು ಆದರೆ 3 ಡೆಸಿಬೆಲ್. ಹತ್ತು ಪಟ್ಟು ಆದರೆ 10.

ಈಗ ಹುಡುಗನ ಆಂಪಿಗೆ ಬನ್ನಿ. ಐದು ವ್ಯಾಟಿಗೂ ಐವತ್ತು ವ್ಯಾಟಿಗೂ ನಡುವೆ ಹತ್ತು ಪಟ್ಟು ಇದೆ. ಕಿವಿಗೆ ಅದು ಸುಮಾರು ಎರಡು ಪಟ್ಟು, ಹತ್ತು ಪಟ್ಟಲ್ಲ. 15 ವ್ಯಾಟ್ ತಗೊಳ್ಳಲೋ 30 ತಗೊಳ್ಳಲೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಆ ಎರಡರ ನಡುವೆ ಇರುವುದು ಅದೇ 3 ಡೆಸಿಬೆಲ್, ಎರಡನೇ ಚಂಡೆಯವರು. ಸ್ಪೀಕರ್ ಬದಲಿಸಿದರೂ ಅಷ್ಟು ಸಿಗುತ್ತದೆ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್‌ನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು, 98 ಡೆಸಿಬೆಲ್. ಅದೇ ಕಂಪನಿಯ ಬ್ಲೂ 100. ಅಗ್ಗದ ಎಂಟಿಂಚಿನ ಸ್ಪೀಕರ್‌ಗಳು ಇವಕ್ಕಿಂತ ಎಷ್ಟೋ ಕೆಳಗೆ. ಹಾಗಾಗಿ ಒಳ್ಳೆಯ 12 ಇಂಚಿನ ಸ್ಪೀಕರ್ ಇರುವ ಐದು ವ್ಯಾಟ್ ಆಂಪ್, ಕಳಪೆ ಸ್ಪೀಕರ್ ಇರುವ 15 ವ್ಯಾಟ್ ಆಂಪಿಗಿಂತ ಜೋರಾಗಿ ಕೇಳಬಹುದು. ನನ್ನ ಬೆಂಚಿನ ಮೇಲೆ ಇದು ನಡೆದಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯ ತಪ್ಪು ಶುರುವಾಗುತ್ತದೆ. ನನಗೆ ಜಾಸ್ತಿ ಬೇಸರ ತರುವುದು ಅದೇ.

ಸಾಗರದ ಮೇಷ್ಟ್ರೊಬ್ಬರು ಮನೆಯಲ್ಲಿ ಕೂಸು ಇದೆ ಅಂತ ಬೇಕೆಂದೇ ಐದು ವ್ಯಾಟಿನ ಆಂಪ್ ತರಿಸಿದರು. ಒಳ್ಳೆಯ ಕೆಲಸಗಾರಿಕೆ, ಒಳಗೆ ಒಂದೊಂದು ಬೆಸುಗೆಯೂ ನೋಡುವ ಹಾಗಿತ್ತು. ಎರಡೇ ದಿನಕ್ಕೆ ಫೋನ್ ಬಂತು. "ಸಣ್ಣ ಆಂಪ್ ಅಂದಿರಿ. ಕೂಸು ಎದ್ದು ಕೂರ್ತಿದೆ!" ನಾನು ಸಣ್ಣ ಅಂದಿದ್ದೆ, ಮೆಲ್ಲನೆಯದು ಅಂದಿರಲಿಲ್ಲ. 95 ಡೆಸಿಬೆಲ್‌ನ ಸ್ಪೀಕರಿಗೆ ಐದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 102 ಡೆಸಿಬೆಲ್ ಆಗುತ್ತದೆ. ನಾವು ಎದುರುಬದುರು ಕೂತು ಮಾತಾಡುವುದು ಸುಮಾರು 60ರಲ್ಲಿ. ಚಂಡೆಯ ಲೆಕ್ಕ ಇಳಿಯುವಾಗಲೂ ಅದೇ. ಐದು ವ್ಯಾಟನ್ನು ಒಂದು ವ್ಯಾಟಿಗೆ ಇಳಿಸಿದರೆ ಸದ್ದು ಅರ್ಧಕ್ಕೂ ಇಳಿಯುವುದಿಲ್ಲ. ಅರ್ಧ ಆಗಬೇಕಾದರೆ ಅರ್ಧ ವ್ಯಾಟಿಗೆ ಬರಬೇಕು. ಕೂಸು ಮಲಗಿರುವ ಮನೆಗೆ ಅದೂ ಜಾಸ್ತಿಯೇ. ಅವರಿಗೆ ಆಂಪಿಗೂ ಸ್ಪೀಕರಿಗೂ ನಡುವೆ, ಸ್ಪೀಕರಿಗೆ ಹೋಗುವ ವ್ಯಾಟ್ ತಗ್ಗಿಸುವ ಒಂದು ಅಟೆನುಯೇಟರ್ ಹಾಕಿಕೊಟ್ಟೆ. ಈಗ ನುಡಿಸುತ್ತಿದ್ದಾರೆ.

ಹಾಗಾದರೆ ವ್ಯಾಟ್ ನೋಡುವುದು ಯಾಕೆ? ಟ್ಯೂಬಿನ ಸ್ವರ ಯಾವ ಸದ್ದಿನಲ್ಲಿ ಒಡೆಯಲು ಶುರುವಾಗುತ್ತದೆ ಎಂದು ತಿಳಿಯಲು. ಸ್ವರ ಸ್ವಚ್ಛವಾಗಿರುವುದು ನಿಂತು, ಅಂಚಿನಲ್ಲಿ ಸ್ವಲ್ಪ ಕೊರೆ ಬಂದು, ಬೆರಳು ಒತ್ತಿದಷ್ಟೂ ಒರಟಾಗಿ, ಬಿಟ್ಟರೆ ಮೆತ್ತಗಾಗುವ ಆ ಜಾಗ ಇದೆಯಲ್ಲ, ಜನ ಟ್ಯೂಬ್ ಆಂಪಿಗೆ ದುಡ್ಡು ಕೊಡುವುದೇ ಅದಕ್ಕೆ. ಐದು ವ್ಯಾಟಿನಲ್ಲಿ ಅದು ಒಂದು ದೊಡ್ಡ ಕೋಣೆಯ ಸದ್ದಿಗೇ ಸಿಗುತ್ತದೆ. ಐವತ್ತು ವ್ಯಾಟಿನಲ್ಲಿ ಅದು ಸಿಗುವ ಹೊತ್ತಿಗೆ ಊರ ಜಾತ್ರೆ ಮೈದಾನ ಬೇಕು. ಆದ್ದರಿಂದ ನಾನು ಮೊದಲು ಕೇಳುವುದು, ಎಲ್ಲಿ ನುಡಿಸುತ್ತೀರಿ, ಸ್ವರ ಒಡೆಯಬೇಕೋ ಬೇಡವೋ ಅಂತ. ಬ್ಲೂಸ್, ರಾಕ್ ನುಡಿಸುವವರು, ಹೆಂಚಿನ ಮನೆ, ಮರದ ಮುಚ್ಚಿಗೆ ಇರುವ ಕೋಣೆ ಅಂದರೆ ಐದು ವ್ಯಾಟ್ ಸಾಕು. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರ ಕಥೆ ಬೇರೆ. ಅವರಿಗೆ ಗಮಕ ಮಸುಕಾಗಬಾರದು, ಸ್ವರ ಕೊನೆಯವರೆಗೂ ತಿಳಿಯಾಗಿ ನಿಲ್ಲಬೇಕು. ಅವರಿಗೆ ಎರಡು 6ವಿ6 ಇರುವ, 20 ವ್ಯಾಟ್ ಆಸುಪಾಸಿನದ್ದನ್ನೇ ಹೇಳುತ್ತೇನೆ. ಡ್ರಮ್ಸ್ ಜೊತೆ ಸ್ವಚ್ಛ ಸ್ವರ ಬೇಕೆನ್ನುವವರಿಗೂ ಅಷ್ಟೇ. ಸ್ಟೇಜಿಗೆ ಸಣ್ಣದು ಸಾಲುವುದಿಲ್ಲ ಎಂಬ ಹೆದರಿಕೆ ಬೇಡ. ಆಂಪಿನ ಮುಂದೆ ಒಂದು ಮೈಕ್ ಇಡಿ, ಉಳಿದದ್ದು ಮೈಕ್ ಸೆಟ್ಟಿನವರ ಕೆಲಸ.

ಪವರ್ ಟ್ಯೂಬ್‌ಗಳಲ್ಲಿ 6ವಿ6 ಚೆನ್ನಾಗಿದೆಯೋ ಇಎಲ್84 ಚೆನ್ನಾಗಿದೆಯೋ ಅಂತ ಕೇಳಬೇಡಿ. ಎರಡನ್ನೂ ಕೇಳಿ ನೋಡಿ. ಮೊದಲನೆಯದು ಸ್ವಲ್ಪ ದುಂಡು, ಎರಡನೆಯದಕ್ಕೆ ಮೇಲುಸ್ವರದಲ್ಲಿ ಹೊಳಪು. ನಮ್ಮಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಇದೇ ಇಎಲ್84 ಎಷ್ಟೋ ವಾಲ್ವ್ ರೇಡಿಯೋಗಳ ಒಳಗೆ ಕೂತು ಭದ್ರಾವತಿ ಆಕಾಶವಾಣಿಯನ್ನು ಇಡೀ ಕೇರಿಗೆ ಕೇಳಿಸುತ್ತಿತ್ತು. ಆ ರೇಡಿಯೋಗಳೂ ನಾಲ್ಕೈದು ವ್ಯಾಟ್ ದಾಟುತ್ತಿರಲಿಲ್ಲ. ಆಗ ಯಾರೂ ವ್ಯಾಟ್ ಕೇಳಲಿಲ್ಲ.

ನಮ್ಮ ಊರಿಗೆ ಸಂಬಂಧಿಸಿದ ಮಾತು ಇನ್ನು. ಹೊರದೇಶದಿಂದ ತರಿಸುವ ಬೂಟಿಕ್ ಆಂಪಿನಲ್ಲಿ ನಾನು ಮೊದಲು ನೋಡುವುದು ಪವರ್ ಟ್ರಾನ್ಸ್‌ಫಾರ್ಮರ್. ಅಮೆರಿಕದವರು ತಮ್ಮ ಊರಿಗೆಂದು ಮಾಡಿದ್ದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಹಾಕಿದರೆ ವೋಲ್ಟೇಜ್ ಸರಿ ಹೋಗುತ್ತದೆ, ಹರ್ಟ್ಸ್ ಹೋಗುವುದಿಲ್ಲ. 60ಕ್ಕೆ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಕಾಯುತ್ತದೆ. ಕೆಲವು ತಡೆದುಕೊಳ್ಳುತ್ತವೆ, ಕೆಲವು ತಡೆಯುವುದಿಲ್ಲ. ಆರ್ಡರ್ ಕೊಡುವ ಮೊದಲೇ 230 ವೋಲ್ಟ್, 50 ಹರ್ಟ್ಸಿಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಹಾಕಿ ಕಳಿಸಲು ಕೇಳಿ. ಸಣ್ಣ ಮಟ್ಟದಲ್ಲಿ ಆಂಪ್ ಕಟ್ಟುವವರಲ್ಲಿ ಎಷ್ಟೋ ಜನ ಕೇಳಿದರೆ ಹಾಕಿಕೊಡುತ್ತಾರೆ. ಬಂದ ಮೇಲೆ ಬದಲಿಸುವುದು ಕಷ್ಟ.

ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ಮದು. ಆದರೂ ಲೈನಿನ ಕೊನೆಯ ಮನೆಗಳಲ್ಲಿ ಬೇಸಿಗೆಯಲ್ಲಿ 180 ವೋಲ್ಟ್ ಬಂದರೆ ಪುಣ್ಯ. ಟ್ಯೂಬಿನ ಹೀಟರ್‌ಗೆ 6.3 ವೋಲ್ಟ್ ಬೇಕು, ಹತ್ತು ಶೇಕಡಾ ಆಚೀಚೆ ನಡೆಯುತ್ತದೆ. ಗೋಡೆಯಲ್ಲಿ 180 ಇದ್ದರೆ ಹೀಟರ್‌ಗೆ 4.9 ಬರುತ್ತದೆ. ಟ್ಯೂಬ್ ಸಾಯುವುದಿಲ್ಲ, ಆದರೆ ಸ್ವರ ಸೋತುಹೋಗುತ್ತದೆ. "ಬೆಂಗಳೂರಲ್ಲಿ ಕೇಳಿದಾಗ ಹೀಗಿರಲಿಲ್ಲ" ಎನ್ನುವವರ ಮನೆಗೆ ಮೊದಲು ಮಲ್ಟಿಮೀಟರ್ ತಗೊಂಡು ಹೋಗುತ್ತೇನೆ. ಒಳ್ಳೆಯ ಸರ್ವೋ ಸ್ಟೆಬಿಲೈಸರ್ ಹಾಕಿ. ಐದು ವ್ಯಾಟಿನ ಆಂಪ್ ಗೋಡೆಯಿಂದ ಎಳೆಯುವುದು 40–50 ವ್ಯಾಟ್ ಅಷ್ಟೇ, ಸಣ್ಣ ಸ್ಟೆಬಿಲೈಸರ್ ಸಾಕು. ಇನ್ವರ್ಟರ್ ಇದ್ದರೆ ಸೈನ್ ವೇವ್‌ದೇ ಆಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ ಜೀರುಂಡೆಯ ಹಾಗೆ ಕೂಗುತ್ತದೆ. ಒಂದೇ ಪವರ್ ಟ್ಯೂಬ್ ಇರುವ ಆಂಪ್ ಸ್ವಲ್ಪ ಗುಂಯ್ ಅನ್ನುವುದು ಮಾತ್ರ ಸಹಜ, ಅದಕ್ಕೆಂದು ಆಗುಂಬೆಯಿಂದ ಬಸ್ಸಿನಲ್ಲಿ ಹೊತ್ತು ತರಬೇಡಿ.

ಅರ್ಥಿಂಗ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಗಿಟಾರಿನ ತಂತಿ ಆಂಪಿನ ಲೋಹದ ಚೌಕಟ್ಟಿಗೆ (ಚಾಸಿಗೆ) ಸೇರಿರುತ್ತದೆ, ನಿಮ್ಮ ಕೈ ತಂತಿಯ ಮೇಲೆ ಇರುತ್ತದೆ. ಜಂಬಿಟ್ಟಿಗೆ ಮಣ್ಣು ಏಪ್ರಿಲ್‌ನಲ್ಲಿ ಒಣಗಿದಾಗ ಅರ್ಥ್ ಗುಂಡಿ ಸುಮ್ನೆ ಹೆಸರಿಗೆ ಮಾತ್ರ ಇರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ, ಗುಂಡಿಗೆ ನೀರು ಹಾಕಿ. ಗುಂಯ್ ಸದ್ದು ಹೋಗಲಿ ಅಂತ ಮೂರನೇ ಪಿನ್ ಕತ್ತರಿಸಿದ ಪ್ಲಗ್ ನನ್ನ ಅಂಗಡಿಗೆ ಬಂದರೆ, ಹೊಸದು ಹಾಕದೆ ಆಂಪ್ ವಾಪಸ್ ಕೊಡುವುದಿಲ್ಲ. ಹಾಗೇ ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಮುನ್ನೂರು ನಾನೂರು ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ.

ಮಳೆಗಾಲಕ್ಕೆ ಒಂದೇ ಮಾತು: ಆಂಪ್ ಮುಚ್ಚಿಡಬೇಡಿ. ಪ್ಲಾಸ್ಟಿಕ್ ಹೊದಿಸಿ ಅಟ್ಟದಲ್ಲಿಟ್ಟರೆ ಸ್ಪೀಕರಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಸಾಕೆಟ್ ಕಿಲುಬುತ್ತದೆ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ವಾರಕ್ಕೆರಡು ಸಲ ಅರ್ಧ ಗಂಟೆ ನುಡಿಸಿ. ಟ್ಯೂಬಿನ ಶಾಖವೇ ಒಳಗನ್ನು ಒಣಗಿಸುತ್ತದೆ. ಗುಡುಗು ಬಂದಾಗ ಪ್ಲಗ್ ಕಿತ್ತಿಡಿ. ನೆಲಕ್ಕೆ ತಾಗಿಸಿ ಇಡಬೇಡಿ, ಗೆದ್ದಲು ಹತ್ತುತ್ತದೆ.

ತೀರ್ಥಹಳ್ಳಿಯ ಹುಡುಗ ಐವತ್ತು ವ್ಯಾಟಿನದನ್ನು ಮಾರಲಿಲ್ಲ. ಮಾರಬೇಡ ಅಂತ ನಾನೇ ಹೇಳಿದೆ, ಮುಂದೆ ಬ್ಯಾಂಡ್ ಕಟ್ಟಿದರೆ ಬೇಕಾಗಬಹುದು. ಅವನಿಗೊಂದು ಐದು ವ್ಯಾಟಿನದು ಕಟ್ಟಿಕೊಟ್ಟೆ. ಪೆಟ್ಟಿಗೆಗೆ ಅವರ ತೋಟದ್ದೇ ಸಿಲ್ವರ್ ಓಕ್ ಹಲಗೆ ತಂದುಕೊಟ್ಟ. ಹಗುರ ಮರ, ಚೆನ್ನಾಗಿ ಮೊಳಗುತ್ತದೆ. ಅಜ್ಜ ದೀಪ ಹಚ್ಚುವ ಹೊತ್ತಿನವರೆಗೆ ನುಡಿಸಲು ಒಪ್ಪಿದ್ದಾರಂತೆ. ಮೊನ್ನೆ ಫೋನ್ ಮಾಡಿದ, ಸ್ವರ ಮಂಕಾಗಿದೆ ಅಂತ. ಮೀಟರ್ ನೋಡು ಎಂದೆ. 178 ಇತ್ತು. ತೋಟಗಳಿಗೆಲ್ಲ ನೀರು ಬಿಡುವ ಸಮಯ, ಪಂಪ್‌ಸೆಟ್‌ಗಳು ನಿಂತ ಮೇಲೆ ಇನ್ನೊಮ್ಮೆ ನುಡಿಸಿ ನೋಡಿ ಫೋನ್ ಮಾಡು ಎಂದಿದ್ದೇನೆ.